ಬಣ್ಣದ ಮನೆಯವರ ಈಜುಕೊಳದ ನೀರಕ್ಕ

ಅವರ ನಿಜವಾದ ಹೆಸರೇನೆಂದು ನಮ್ಮ ಊರಿನ ಮಕ್ಕಳಿಗೆ ಗೊತ್ತಿಲ್ಲ. ಎಲ್ಲರಿಗೂ ಅವರು ನೀರಕ್ಕ. ಈಜುಕೊಳದ ಬಾಗಿಲಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು, ಒದ್ದೆ ಕೂದಲನ್ನು ಎತ್ತಿ ಕಟ್ಟಿ, "ಓಡಬೇಡ್ರೋ, ಜಾರುತ್ತೆ!" ಎಂದು ಕೂಗುತ್ತ ನಿಂತಿರುವ ಈ ಹೆಂಗಸು ಒಂದು ಕಾಲದಲ್ಲಿ ಮೊಣಕಾಲು ಮುಳುಗುವಷ್ಟು ನೀರು ಕಂಡರೂ ಹಿಂದೆ ಸರಿಯುತ್ತಿದ್ದರು ಎಂದರೆ ಮಕ್ಕಳು ನಂಬುವುದಿಲ್ಲ. ನಾನು ನಂಬುತ್ತೇನೆ. ಅವರು ಮೊದಲ ಸಲ ಕೊಳಕ್ಕೆ ಕಾಲಿಟ್ಟ ದಿನ ಪಕ್ಕದಲ್ಲಿ ಕೂತಿದ್ದವಳು ನಾನೇ. ಅವತ್ತು ಅವರು ನನ್ನ ಕೈಯನ್ನು ಹಿಂಡಿದ ರೀತಿಗೆ ಬಳೆ ಹಾಕಿದ್ದಿದ್ದರೆ ಪುಡಿಯಾಗುತ್ತಿತ್ತು.

ಆಗ ಅವರು ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆಳೆತ್ತರದ ಯಂತ್ರಗಳ ಸಾಲು. ವಾರ್ಡುಗಳಿಂದ ಗಂಟುಗಂಟಾಗಿ ಬರುವ ಹಾಸು ಹೊದಿಕೆಗಳನ್ನು ಅವುಗಳೊಳಗೆ ತುರುಕಬೇಕು, ಒಗೆದಾದ ಮೇಲೆ ಹಗ್ಗದಂತೆ ಹೆಣೆದುಕೊಂಡಿರುತ್ತಿದ್ದ ಒದ್ದೆ ಬಟ್ಟೆಯನ್ನು ಎಳೆದೆಳೆದು ಬಿಡಿಸಬೇಕು, ಇಬ್ಬರು ಎದುರುಬದುರು ನಿಂತು ಕೊಡವಿ ಇಸ್ತ್ರಿಗೆ ಕಳಿಸಬೇಕು. ಬೇಸಿಗೆಯಲ್ಲಿ ಅಲ್ಲಿ ಉಸಿರಾಡುವುದೇ ಕಷ್ಟ. ಯಂತ್ರಗಳ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲವಾದ್ದರಿಂದ ಕೂಗಿ ಮಾತಾಡುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಮನೆಯಲ್ಲೂ ಹಾಗೇ. "ಮೆಲ್ಲಗೆ ಮಾತಾಡೇ, ನಂಗೆ ಕಿವಿ ಚೆನ್ನಾಗೇ ಇದೆ" ಎಂದು ಅತ್ತೆ ಗೊಣಗುತ್ತಿದ್ದರು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಿತಭಾಷಿ. ಒಬ್ಬಳೇ ಮಗಳು ನಾಲ್ಕನೇ ತರಗತಿಯಲ್ಲಿದ್ದಳು. ನಮ್ಮ ಅಕ್ಕನ ಮಗನೂ ಅದೇ ತರಗತಿ. ಅವರ ಬೀದಿ ದಾಟಿದರೆ ನಮ್ಮ ಬೀದಿ. ಮುಖ ಪರಿಚಯವಿತ್ತು, ಅಷ್ಟೇ.

ನಮ್ಮ ಊರಿನ ನಡುವೆ ನದಿ ಹರಿಯುತ್ತದೆ. ಸೇತುವೆಯ ಈಚೆ ಮನೆಗಳು, ಆಚೆ ಶಾಲೆ, ಆಸ್ಪತ್ರೆ, ಸಂತೆಯ ಕಟ್ಟೆ. ದಿನಕ್ಕೆರಡು ಸಲವಾದರೂ ಎಲ್ಲರೂ ನೀರನ್ನು ದಾಟುತ್ತೇವೆ. ಆದರೂ ಈಜು ಬರುವ ಹೆಂಗಸು ಒಬ್ಬಳೂ ಇರಲಿಲ್ಲ. ಗಂಡುಮಕ್ಕಳು ಕದ್ದು ಮುಚ್ಚಿ ಕಲಿಯುತ್ತಿದ್ದರು. ಹೆಣ್ಣುಮಕ್ಕಳಿಗೆ "ನೀರಿನ ಹತ್ತಿರ ಹೋಗಬೇಡ" ಎನ್ನುವುದಷ್ಟೇ ಪಾಠ. ನೀರಕ್ಕನಿಗೂ ಅವರ ತಾಯಿ ಕಲಿಸಿದ್ದು ಅದನ್ನೇ, ಅವರು ಮಗಳಿಗೆ ಕಲಿಸಿದ್ದೂ ಅದನ್ನೇ. ಸೇತುವೆ ದಾಟುವಾಗ ಮಗಳ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದರೆಂದರೆ ಆಚೆ ದಡ ಮುಟ್ಟುವಷ್ಟರಲ್ಲಿ ಅಲ್ಲಿ ಕೆಂಪಗೆ ಬೆರಳಿನ ಗುರುತು ಮೂಡಿರುತ್ತಿತ್ತು.

ಇನ್ನು ಬಣ್ಣದ ಮನೆಯವರು. ಊರ ಅಂಚಿನಲ್ಲಿ ಗೋಡೆಗೆ ಬಳಿಯುವ ಬಣ್ಣ ಮಾಡುವ ಕಾರ್ಖಾನೆ ಅವರದು. ಅದಕ್ಕೇ ಆ ಹೆಸರು. ಹಿರಿಯರು ಒಂದು ತಗಡಿನ ಶೆಡ್ಡಿನಲ್ಲಿ ಕೈಯಾರೆ ಬಣ್ಣ ಕಲಸಿ ಮಾರಿ ಮೇಲೆ ಬಂದವರು. ಅವರು ತೀರಿಕೊಂಡ ಮೇಲೆ ಹೆಂಡತಿ ಮಕ್ಕಳು ಸೇರಿ ಅವರ ಹೆಸರಿನಲ್ಲಿ ಒಂದು ಟ್ರಸ್ಟ್ ಮಾಡಿದರು. ಓದುವ ಮಕ್ಕಳಿಗೆ ಫೀಸು ಕಟ್ಟುವುದು, ಕೇರಿಗಳಲ್ಲಿ ಓದುವ ಕೋಣೆ ತೆರೆಯುವುದು, ಶಾಲೆ ಬಿಟ್ಟ ದೊಡ್ಡವರಿಗೆ ಸಂಜೆ ತರಗತಿ ನಡೆಸುವುದು, ಹೀಗೆ ಒಂದೊಂದಾಗಿ ಶುರುವಾಯಿತು. ವರ್ಷಕ್ಕೊಮ್ಮೆ ಮನೆಯವರೆಲ್ಲ ಊಟದ ಮೇಜಿನ ಸುತ್ತ ಕೂತು ಮುಂದಿನ ವರ್ಷ ಯಾವುದಕ್ಕೆ ಕೊಡೋಣ, ಯಾವುದನ್ನು ನಿಲ್ಲಿಸೋಣ ಎಂದು ತೀರ್ಮಾನ ಮಾಡುತ್ತಿದ್ದರು. ಓಡಾಟವೆಲ್ಲ ಹಿರಿಸೊಸೆಯದು. ಬಗಲಲ್ಲಿ ಚೀಲ ನೇತುಹಾಕಿಕೊಂಡು ಶಾಲೆಯಿಂದ ಶಾಲೆಗೆ, ಕೇರಿಯಿಂದ ಕೇರಿಗೆ ನಡೆದೇ ಹೋಗುತ್ತಿದ್ದ ಆಕೆಯನ್ನು ನಾವೆಲ್ಲ "ಸೊಸೆಯಮ್ಮ" ಎಂದೇ ಕರೆಯುತ್ತಿದ್ದೆವು. ಆ ಮನೆಯ ಕಿರಿಮಗಳು ಬಹಳ ಹಿಂದೆ ನದಿಯಲ್ಲಿ ಮುಳುಗಿ ತೀರಿಕೊಂಡದ್ದು ಊರಿಗೆಲ್ಲ ಗೊತ್ತಿತ್ತು. ಆದರೆ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ವರ್ಷ ಬೇಸಿಗೆ ಶುರುವಾಗುವ ಮುಂಚೆ ಶಾಲೆಯಲ್ಲಿ ತಂದೆತಾಯಿಯರನ್ನು ಕರೆದಿದ್ದರು. ಅಕ್ಕನಿಗೆ ಪಾಳಿ ಇದ್ದುದರಿಂದ ನಾನು ಹೋಗಿದ್ದೆ. ತರಗತಿಯ ಟೀಚರ್ ಎದ್ದು ನಿಂತು, ಪಾಳುಬಿದ್ದಿದ್ದ ಊರಿನ ಹಳೇ ಈಜುಕೊಳವನ್ನು ಬಣ್ಣದ ಮನೆಯವರ ಟ್ರಸ್ಟ್ ರಿಪೇರಿ ಮಾಡಿಸಿದೆ, ನಾಲ್ಕನೇ ತರಗತಿಯ ಮಕ್ಕಳಿಗೆಲ್ಲ ಪುಕ್ಕಟೆ ಈಜು ಕಲಿಸುತ್ತಾರೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಟೀಚರ್ ಗಂಟಲು ಸರಿಮಾಡಿಕೊಂಡರು.

"ಒಂದು ಕಂಡೀಷನ್ ಇದೆ. ಮಗುವಿನ ಜೊತೆ ಮನೆಯ ಹೆಂಗಸು ಒಬ್ರು ಬರ್ಬೇಕು. ನೋಡೋಕಲ್ಲ, ಕಲಿಯೋಕೆ. ಅಮ್ಮ, ಅಜ್ಜಿ, ಅತ್ತೆ, ಚಿಕ್ಕಮ್ಮ, ಯಾರಾದ್ರೂ ಸರಿ. ಅವರು ನೀರಿಗಿಳೀಲಿಲ್ಲ ಅಂದ್ರೆ ಮಗುವನ್ನೂ ಸೇರಿಸ್ಕೊಳ್ಳಲ್ಲ."

ಚಪ್ಪಾಳೆ ನಿಂತುಹೋಯಿತು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದು ನಕ್ಕರು. "ನಮ್ಮನ್ನ ಎತ್ತೋಕೆ ಕ್ರೇನ್ ತರ್ಸಿದಾರಂತಾ?" ಎಂದರು ಇನ್ನೊಬ್ಬರು. ನೀರಕ್ಕನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಮನೆಯಲ್ಲಿ ಅವತ್ತು ನಡೆದದ್ದನ್ನು ಅವರೇ ಎಷ್ಟೋ ಸಲ ನಗುತ್ತ ಹೇಳಿದ್ದಾರೆ. ಮಗಳು "ಅಮ್ಮ, ಪ್ಲೀಸ್ ಅಮ್ಮ" ಎಂದು ಬೆನ್ನು ಬಿಡಲಿಲ್ಲ. "ಅಜ್ಜಿ ಬರ್ತಾರೆ ಬಿಡು" ಎಂದು ಇವರು ಜಾರಿಕೊಳ್ಳಲು ನೋಡಿದರು.

"ನಾನಾ?" ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ನಾನು ಮುಳುಗಿಹೋದ್ರೆ ನಿಮಗೆಲ್ಲ ಬೇಯ್ಸಿ ಹಾಕೋರು ಯಾರು? ನೀನೇ ಹೋಗು. ಹೇಗಿದ್ರೂ ದಿನವೆಲ್ಲ ನೀರಲ್ಲೇ ಇರ್ತೀಯ."

"ಮೊಣಕೈವರೆಗೆ ಇರೋದು ಬೇರೆ ಅತ್ತೆ, ಕತ್ತಿನವರೆಗೆ ಇರೋದು ಬೇರೆ."

ಅಷ್ಟು ಹೊತ್ತೂ ಸುಮ್ಮನಿದ್ದ ಗಂಡ, "ಹೋಗಿ ಬಾ. ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ರಾಯ್ತು. ಯಾರೇನು ಹಿಡ್ಕೊಳ್ತಾರಾ?" ಎಂದರಂತೆ. ಅವರ ಬಾಯಿಂದ ಒಂದೇ ಸಲಕ್ಕೆ ಅಷ್ಟು ಮಾತು ಬಂದದ್ದೇ ಹೆಚ್ಚು. ಅದಕ್ಕಾದರೂ ಬೆಲೆ ಕೊಡಬೇಕೆಂದು ಇವರು ಒಪ್ಪಿಕೊಂಡರು.

ಕೊಳದಲ್ಲಿ ನಮಗೆಲ್ಲ ಕಡುನೀಲಿ ಬಣ್ಣದ ಉದ್ದ ತೋಳಿನ ಅಂಗಿ, ಪೈಜಾಮ, ಕೂದಲು ಮುಚ್ಚುವ ರಬ್ಬರ್ ಟೋಪಿ ಕೊಟ್ಟರು. ಹಾಕಿಕೊಂಡು ಹೊರಬಂದು ಒಬ್ಬರನ್ನೊಬ್ಬರು ನೋಡಿದ್ದೇ ತಡ, ಹೊಟ್ಟೆ ಹಿಡಿದು ನಗತೊಡಗಿದೆವು. ದರ್ಜಿಯ ಹೆಂಡತಿ, ಬ್ಯಾಂಕಿನವರು, ಸೊಪ್ಪು ಮಾರುವವರು, ಪೋಸ್ಟಾಫೀಸಿನ ನಾನು, ಎಲ್ಲರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದೆವು. ಕೋಚ್ ಮೇಡಂ ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ತಲೆ ಅರ್ಧ ನೆರೆದಿತ್ತು. ಅವರ ಸೀಟಿಯ ಸದ್ದಿಗೆ ಛಾವಣಿಯ ಪಾರಿವಾಳಗಳು ಹಾರಿಹೋದವು.

"ನಗೋದು ಮುಗೀತಾ? ಇವತ್ತು ಬರೀ ಕಾಲು. ಅಂಚಿನಲ್ಲಿ ಕೂತ್ಕೊಳ್ಳಿ, ಕಾಲು ಬಿಡಿ, ಅಲ್ಲಾಡ್ಸಿ. ಅಷ್ಟೇ."

ನೀರಕ್ಕ ನನ್ನ ಕೈ ಹಿಂಡಿದ್ದು ಆಗಲೇ. ಕೆಳಗೆ ಟೈಲ್ಸಿನ ನೆಲ ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ನಿಂತರೆ ನಮಗೆ ಸೊಂಟದವರೆಗೂ ನೀರಿಲ್ಲ. ಆದರೂ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಅತ್ತ ಇನ್ನೊಂದು ತುದಿಯಲ್ಲಿ ಮಕ್ಕಳು ಆಗಲೇ ನೀರೆರಚಾಡುತ್ತ ಕಿರುಚುತ್ತಿದ್ದವು.

ಮಕ್ಕಳು ಬೇಗ ಕಲಿತವು. ನಾನೂ ಹೇಗೋ ಕೈಕಾಲು ಬಡಿದು ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟಾದೆ. ನೀರಕ್ಕನಿಗೆ ತೇಲುವುದೇ ಬರಲಿಲ್ಲ. ಅಂಗಾತ ಮಲಗಿಸಿದ ಕೂಡಲೇ ದೇಹವೆಲ್ಲ ಸೆಟೆದುಕೊಂಡು ಸೊಂಟ ಮಡಿಸಿ ಮುಳುಗುತ್ತಿದ್ದರು, ಕೆಮ್ಮುತ್ತ ಏಳುತ್ತಿದ್ದರು. ಬಿಟ್ಟುಬಿಡುತ್ತಾರೆ ಎಂದುಕೊಂಡೆವು. ಆದರೆ ಪ್ರತಿ ಸಲವೂ ಬಂದರು. ಕೇಳಿದರೆ, "ನಾನು ಬಿಟ್ರೆ ಮಗಳನ್ನೂ ಕಳಿಸಿಬಿಡ್ತಾರಲ್ಲ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಕೋಚ್ ಮೇಡಂ ಅವರ ಕತ್ತಿನ ಕೆಳಗೆ ಅಂಗೈ ಕೊಟ್ಟು, "ಕತ್ತು ಬಿಡಿ. ದಿಂಬಿನ ಮೇಲೆ ತಲೆ ಇಟ್ಟ ಹಾಗೆ ಇಡಿ" ಎಂದರು.

"ದಿಂಬಿಗೆ ತಲೆ ಕೊಡೋಷ್ಟರಲ್ಲಿ ನಿದ್ದೆ ಬಂದಿರುತ್ತೆ ಮೇಡಂ. ಹೇಗಿಡ್ತೀನೋ ನಂಗೇ ಗೊತ್ತಿಲ್ಲ."

ಮೇಡಂ ನಕ್ಕುಬಿಟ್ಟರು. ಇವರೂ ನಕ್ಕರು. ನಗುವಾಗ ಮೈ ಸಡಿಲವಾಯಿತೋ ಏನೋ, ತಲೆ ಹಿಂದಕ್ಕೆ ಹೋಯಿತು, ಎರಡೂ ಕಿವಿ ನೀರೊಳಗೆ ಮುಳುಗಿದವು. ಆ ಕ್ಷಣದ ಬಗ್ಗೆ ನೀರಕ್ಕ ನನಗೆ ಹೇಳಿದ್ದು ಹೀಗೆ: "ಸದ್ದು ನಿಂತ್ಹೋಯ್ತು ಕಣಮ್ಮ. ಆ ಮಿಷನ್ನುಗಳ ಸದ್ದು ಮನೆಗೆ ಬಂದ್ರೂ, ಮಲಗಿದ್ರೂ ಕಿವೀಲಿ ಗುಂಯ್‌ಗುಡ್ತಾನೇ ಇರೋದು. ಅದು ನಿಂತ್ಹೋಯ್ತು. ಎಷ್ಟು ವರ್ಷ ಆಗಿತ್ತೋ ಅಷ್ಟು ನೆಮ್ಮದಿ ಕಂಡು." ಮೇಡಂ ಕೈ ತೆಗೆದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಛಾವಣಿ ನೋಡುತ್ತ ತೇಲುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತೋ, ಅದು ಕೊಳದ ನೀರೇ ಆಗಿತ್ತೋ, ಹೇಳಲು ಬರುವಂತಿರಲಿಲ್ಲ.

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರಿಲ್ಲದಾಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ನಮ್ಮೆಲ್ಲರನ್ನೂ ಹಿಂದೆ ಹಾಕಿದ್ದರು. ಹೊಸದಾಗಿ ಬಂದ ಹೆಂಗಸರು ಹೆದರಿ ಅಂಚಿಗೆ ಅಂಟಿಕೊಂಡಿದ್ದರೆ ಕೋಚ್ ಮೇಡಂಗಿಂತ ಮುಂಚೆ ಇವರೇ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಹೆದರಿಕೆಯ ಒಳಹೊರಗೆಲ್ಲ ಅವರಿಗೆ ಗೊತ್ತಿತ್ತಲ್ಲ. "ನೀರಕ್ಕಾ, ನೋಡಿಲ್ಲಿ!" ಎಂದು ಮಕ್ಕಳು ಕೂಗತೊಡಗಿದ್ದು ಆಗಲೇ.

ಕೋಚ್ ಮೇಡಂಗೆ ಒಬ್ಬ ಸಹಾಯಕಿ ಬೇಕಿತ್ತು. "ಇವರನ್ನ ತರಬೇತಿಗೆ ಕಳಿಸಿ. ಇವರಿಗಿಂತ ಒಳ್ಳೆಯವರು ನಂಗೆ ಸಿಗಲ್ಲ" ಎಂದು ಸೊಸೆಯಮ್ಮನಿಗೆ ಹೇಳಿದರು. ತೊಡಕೊಂದಿತ್ತು. ತರಬೇತಿಗೆ ಸೇರಲು ಹತ್ತನೇ ತರಗತಿ ಪಾಸಾಗಿರಬೇಕು. ನೀರಕ್ಕ ಏಳನೆಯದರಲ್ಲೇ ಶಾಲೆ ಬಿಟ್ಟು ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವರು.

"ಅದಕ್ಕೇನು? ಕೊಳದ ಮೇಲಿನ ಕೋಣೆಯಲ್ಲೇ ಸಂಜೆ ತರಗತಿ ನಡೀತಿದೆ. ಮೆಟ್ಟಿಲು ಹತ್ತಿದ್ರೆ ಆಯ್ತು" ಎಂದರು ಸೊಸೆಯಮ್ಮ.

ಮೆಟ್ಟಿಲು ಹತ್ತುವುದೇನೋ ಸುಲಭ. ಆಸ್ಪತ್ರೆಯಲ್ಲಿ ಪಾಳಿ ಬದಲಾಯಿಸಿಕೊಳ್ಳಬೇಕಾಯಿತು. ಮನೆಗೆಲಸವನ್ನು ಅತ್ತೆ ಹೊತ್ತುಕೊಂಡರು. "ನೀನು ಕಲೆಕ್ಟರ್ ಆದ್ಮೇಲೆ ನನ್ನನ್ನ ಮರೀಬೇಡ" ಎಂದು ಅಣಕಿಸುತ್ತಲೇ ರಾತ್ರಿಯ ಊಟವನ್ನು ಬಿಸಿಯಾಗಿ ಎತ್ತಿಡುತ್ತಿದ್ದರು. ತಾಯಿ ಮಗಳು ಒಂದೇ ಮೇಜಿನಲ್ಲಿ ಕೂತು ಓದುತ್ತಿದ್ದರು. ಭಾಷೆ, ಸಮಾಜ, ವಿಜ್ಞಾನ ಹೇಗೋ ದಾಟಿದವು. ಗಣಿತ ಮಾತ್ರ ಅವರಿಗೆ ನೀರು ಕುಡಿಸಿತು. ಈಜುಕೊಳದಲ್ಲೂ ಅಷ್ಟು ಕುಡಿದಿರಲಿಲ್ಲ. ಮೊದಲ ಸಲ ಫೇಲಾದಾಗ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಸೊಸೆಯಮ್ಮ ಬಂದು, "ಟ್ರಸ್ಟಿನವರು ಏನಾದ್ರೂ ಅಂತಾರೆ ಅಂತ ಹೆದರ್ಬೇಡಿ. ನನ್ನ ಗಂಡನೇ ಕಾಲೇಜಿನಲ್ಲಿ ಗಣಿತ ಎರಡು ಸಲ ಕಟ್ಟಿದ್ದು" ಎಂದು ಕಿವಿಯಲ್ಲಿ ಹೇಳಿ ನಗಿಸಿ ಹೋದರು. ಮರುವರ್ಷ ನೀರಕ್ಕ ಪಾಸಾದರು. ಬಸ್ ಡಿಪೋದ ಎಲ್ಲ ಮೆಕ್ಯಾನಿಕ್‌ಗಳಿಗೂ ಗಂಡ ಚಹಾ ಕುಡಿಸಿದರು. ತರಬೇತಿ ಮುಗಿಸಿಕೊಂಡು ಬಂದ ನೀರಕ್ಕ ಆಸ್ಪತ್ರೆಯ ಕೆಲಸ ಬಿಟ್ಟು ಕೊಳಕ್ಕೆ ಬಂದರು.

ಕೊಳ ಎಷ್ಟು ದಿನ ಇರುತ್ತದೆ ಎಂಬ ಪ್ರಶ್ನೆ ಎದ್ದದ್ದು ಆ ವರ್ಷವೇ. ಟ್ರಸ್ಟಿನವರು ಯಾವುದಕ್ಕೇ ಆದರೂ ಮೂರು ವರ್ಷಕ್ಕೆಂದು ಕೊಡುತ್ತಿದ್ದರು. ಆಮೇಲೆ ಮುಂದುವರಿಸಬೇಕೋ ಬೇಡವೋ ಎಂದು ಮತ್ತೆ ಕೂತು ಯೋಚಿಸುತ್ತಿದ್ದರು. ಕೊಳದ ಅವಧಿ ಮುಗಿಯುತ್ತ ಬಂದಿತ್ತು. ಹಿರಿಮಗನಿಗೆ ಮುಂದುವರಿಸುವ ಮನಸ್ಸಿಲ್ಲ ಎಂಬ ಸುದ್ದಿ ಹಬ್ಬಿತು. ಸೊಸೆಯಮ್ಮ ನೀರಕ್ಕನನ್ನು ಮನೆಯ ಸಭೆಗೆ ಕರೆದರು. "ಲೆಕ್ಕಪತ್ರಕ್ಕೆ ನಾನಿದೀನಿ. ನೀವು ಬಂದು ಅಲ್ಲಿ ಏನು ನಡೀತಿದೆ ಅಂತ ಹೇಳಿ, ಸಾಕು."

ನೀರಕ್ಕ ನನ್ನ ಹತ್ತಿರ ಬಂದು ಒಳ್ಳೆಯ ಕೈಚೀಲವೊಂದನ್ನು ಎರವಲು ಕೇಳಿದರು. ಏನನ್ನು ತೆಗೆದುಕೊಂಡು ಹೋಗುತ್ತೀರಿ ಎಂದರೆ, "ಏನೂ ಇಲ್ಲ. ಕೈ ಎಲ್ಲಿಡೋದು ಅಂತ ಗೊತ್ತಾಗಲ್ಲವಲ್ಲ, ಅದಕ್ಕೆ" ಎಂದರು.

ಬಣ್ಣದ ಮನೆಯ ಊಟದ ಕೋಣೆ ಉದ್ದಕ್ಕಿತ್ತು. ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೇಜಿನ ತುದಿಯಲ್ಲಿ ಹಿರಿಯರ ಹೆಂಡತಿ, ಎಲ್ಲರಿಗೂ ಅಮ್ಮ. ಅಮ್ಮನಿಗೆ ಎಪ್ಪತ್ತು ದಾಟಿತ್ತು. ಬೆಳ್ಳಗಿನ ಕೂದಲು, ಮಡಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಹಿರಿಮಗ ಕೆಟ್ಟ ಮನುಷ್ಯನಲ್ಲ. ಕಾರ್ಖಾನೆ ನಡೆಸುವವನಿಗೆ ಪ್ರತಿಯೊಂದನ್ನೂ ಕೇಳುವ ಅಭ್ಯಾಸ, ಅಷ್ಟೇ.

"ಪಂಪು, ನೀರಿಗೆ ಹಾಕೋ ಔಷಧಿ, ಕಾವಲು, ಸಂಬಳ. ಹಣ ನೀರಿನ ಹಾಗೆ ಹೋಗ್ತಿದೆ ಅನ್ನೋಕೂ ನಾಚಿಕೆಯಾಗುತ್ತೆ, ನಿಜವಾಗ್ಲೂ ನೀರಿಗೇ ಹೋಗ್ತಿದೆ" ಎಂದಾಗ ತಮ್ಮ ನಕ್ಕ. "ಅದರ ಬದಲು ಕಾಲೇಜಿಗೆ ಒಂದು ಸಭಾಂಗಣ ಕಟ್ಟಿಸ್ಬೋದು. ಅಪ್ಪನ ಹೆಸರು ನಿಲ್ಲುತ್ತೆ. ಈಜುಕೊಳದಲ್ಲಿ ಏನು ನಿಲ್ಲುತ್ತೆ? ನೀವೇ ಹೇಳಿ, ನಾನು ಬೇಜಾರು ಮಾಡ್ಕೊಳ್ಳಲ್ಲ."

ನೀರಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಸಾರ್, ನಂಗೆ ಸರಿಯಾಗಿ ಹೇಳೋಕೆ ಬರುತ್ತೋ ಇಲ್ವೋ. ಮುಂಚೆ ಸೇತುವೆ ದಾಟುವಾಗ ಮಗಳ ಕೈ ಬಿಗಿಯಾಗಿ ಹಿಡೀತಿದ್ದೆ. ಅವಳಿಗೆ ನೋವಾಗೋದು. ಈಗ ಬಿಟ್ಟು ನಡೀತೀನಿ. ಇಬ್ರೂ ಮಾತಾಡ್ಕೊಂಡು ಹೋಗ್ತೀವಿ. ನಮ್ಮ ಕಡೆ ಎಷ್ಟೋ ಜನ ಅಮ್ಮಂದಿರು ಈಗ ಹಾಗೇ ಹೋಗ್ತಾರೆ. ಅದು ನಿಂತಿದ್ದಾ, ಹೋಗಿದ್ದಾ, ನಂಗೊತ್ತಿಲ್ಲ. ನಂಗಂತೂ ನಿಮ್ಮನೆಯವರನ್ನ ನೆನೆಸ್ಕೊಳ್ಳದೆ ಒಂದು ದಿನವೂ ಸೇತುವೆ ದಾಟೋಕಾಗಲ್ಲ."

ಅಮ್ಮ ನಿಧಾನವಾಗಿ ಬಾಯಿ ತೆರೆದರು.

"ಅಮ್ಮಂದಿರೂ ಇಳೀಬೇಕು ಅಂತ ಹಟ ಹಿಡಿದವಳು ನಾನು. ಯಾಕೆ ಅಂತ ಈ ಮಕ್ಕಳಿಗೂ ಹೇಳಿರಲಿಲ್ಲ. ಅವತ್ತು ನಾವೆಲ್ಲ ನದಿ ದಡಕ್ಕೆ ಊಟ ಕಟ್ಕೊಂಡು ಹೋಗಿದ್ವಿ. ಇವರು, ಇವರಪ್ಪ ಗಾಡಿಯಿಂದ ಸಾಮಾನು ತರೋಕೆ ಹೋಗಿದ್ರು. ನಾನು ಬ್ರೆಡ್ಡು ಕತ್ತರಿಸ್ತಾ ಕೂತಿದ್ದೆ. ನಮ್ಮ ಚಿಕ್ಕವಳು ನೀರಿಗೆ ಜಾರಿದ್ದು ಕಾಣಿಸ್ತು. ಓಡಿದೆ. ಸೊಂಟದವರೆಗೂ ಇಳಿದೆ. ಅವಳು ಇಲ್ಲೇ, ಈ ಮೇಜಿನ ಆ ತುದಿಯಷ್ಟು ದೂರದಲ್ಲಿ ಇದ್ಲು. ನಂಗೆ ಮುಂದಕ್ಕೆ ಹೋಗೋಕೆ ಬರಲಿಲ್ಲ. ಕೂಗಿದೆ, ಅಷ್ಟೇ."

ಹಿರಿಮಗ ತಲೆ ತಗ್ಗಿಸಿದ. ತಾಯಿಯ ಬಾಯಿಂದ ಅದನ್ನು ಅವನು ಕೇಳಿದ್ದು ಅದೇ ಮೊದಲು. ನೀರಕ್ಕನ ಕಣ್ಣೂ ತುಂಬಿತ್ತು. ಆದರೆ ಕೊಳದಲ್ಲಿ ದಿನಾ ಹೆಂಗಸರಿಗೆ ಹೇಳುವ ಅಭ್ಯಾಸದಿಂದಲೋ ಏನೋ, ಹಿಂದೆಮುಂದೆ ನೋಡದೆ ಒಂದು ಪ್ರಶ್ನೆ ಕೇಳಿಬಿಟ್ಟರು.

"ಹಾಗಾದ್ರೆ ನೀವು ಯಾಕಮ್ಮ ಇನ್ನೂ ಕಲೀಲಿಲ್ಲ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಅಮ್ಮ ಇವರ ಮುಖ ನೋಡಿದರು.

"ಯಾರೂ ಕರೀಲಿಲ್ಲ" ಎಂದರು.

"ನಾನು ಕರೀತಿದೀನಿ. ನಾಳೆ ಬನ್ನಿ."

ಮಾರನೆಯ ದಿನ ಮಧ್ಯಾಹ್ನ, ಕೊಳ ಖಾಲಿ ಇರುವ ಹೊತ್ತಿಗೆ ಅಮ್ಮ ಬಂದರು. ಎಲ್ಲರ ಹಾಗೆ ಕಡುನೀಲಿ ಅಂಗಿ ಪೈಜಾಮ ಹಾಕಿಕೊಂಡು, ಟೋಪಿಯೊಳಗೆ ಬಿಳಿ ಕೂದಲು ತುರುಕಿಕೊಂಡು, ಅಂಚಿನಲ್ಲಿ ಕೂತರು. ಕೋಚ್ ಮೇಡಂ ದೂರದಲ್ಲೇ ನಿಂತು ಎಲ್ಲವನ್ನೂ ನೀರಕ್ಕನಿಗೇ ಬಿಟ್ಟರು. ಎಷ್ಟೋ ದಿನ ಬರೀ ಕಾಲು ಬಿಟ್ಟುಕೊಂಡು ಕೂರುವುದೇ ಆಯಿತು. ನೀರಕ್ಕ ಅವಸರ ಮಾಡಲಿಲ್ಲ. ಪಕ್ಕದಲ್ಲಿ ಕೂತು ತಮ್ಮ ಅತ್ತೆಯ ಕಥೆ, ಗಣಿತದ ಕಥೆ ಹೇಳುತ್ತಿದ್ದರು. ಒಂದು ದಿನ ಅಮ್ಮ ತಾವಾಗಿಯೇ ಎದ್ದು ಮೆಟ್ಟಿಲಿಳಿದು ಸೊಂಟದವರೆಗೆ ನೀರಿನಲ್ಲಿ ನಿಂತರು. ನಿಂತವರು ಜೋರಾಗಿ ಅಳತೊಡಗಿದರು. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಕೇಳದ ಅಳು ಅದು. ನೀರಕ್ಕ ಅವರ ಮೊಣಕೈ ಹಿಡಿದುಕೊಂಡು ಸುಮ್ಮನೆ ನಿಂತರು. ಅತ್ತು ಮುಗಿದ ಮೇಲೆ ಅಮ್ಮ ಕೊಳದ ನೀರಿನಲ್ಲೇ ಮುಖ ತೊಳೆದುಕೊಂಡು, "ನಾಳೆ ಮುಂದಕ್ಕೆ ಹೋಗೋಣ" ಎಂದರು.

ಅವರು ತೇಲಿದ ದಿನ ನಾನು ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ನೀರಕ್ಕನ ಅತ್ತೆಯೂ ಬಂದು ಬೆಂಚಿನ ಮೇಲೆ ಕೂತಿದ್ದರು. "ನನಗಿಂತ ಎರಡು ವರ್ಷ ದೊಡ್ಡೋರಂತೆ. ನೋಡೇ ಧೈರ್ಯಾನಾ!" ಎಂದು ನನ್ನ ತೊಡೆ ಗಿಲ್ಲಿದರು. ಹಿರಿಮಗ ಕಾರ್ಖಾನೆಯಿಂದ ನೇರ ಬಂದು, ಬೂಟನ್ನು ಕೈಯಲ್ಲಿ ಹಿಡಿದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದ. ಅಮ್ಮ ಅಂಗಾತ ಮಲಗಿದರು. ಕತ್ತಿನ ಕೆಳಗೆ ನೀರಕ್ಕನ ಅಂಗೈ.

"ಕೈ ಇದೆಯಾ?"

"ಇದೆ ಅಮ್ಮ."

"ಸುಳ್ಳು ಹೇಳ್ಬೇಡ."

"ಇಲ್ಲ ಅಮ್ಮ. ಆಗ್ಲೇ ತೆಗೆದೆ."

ಅಮ್ಮನಿಗೆ ನಗು ಬಂತು, ಮೂಗಿಗೆ ನೀರು ಹೋಯಿತು, ಕೆಮ್ಮುತ್ತ ಎದ್ದು ನಿಂತರು. ಹಿರಿಮಗ ಬಟ್ಟೆಬರೆಯ ಪರಿವೆಯೇ ಇಲ್ಲದೆ ಪ್ಯಾಂಟಿನಲ್ಲೇ ಮೆಟ್ಟಿಲಿಳಿದುಬಿಟ್ಟಿದ್ದ. ಮಗನ ತೋಳು ಹಿಡಿದುಕೊಂಡೇ ಅಮ್ಮ ನೀರಕ್ಕನ ಕಡೆ ತಿರುಗಿದರು.

"ನಿಂಗೆ ಏನಂತ ಹೇಳ್ಲಿ? ನಾನು ಋಣದಲ್ಲಿದೀನಿ ಕಣೇ."

"ಅಮ್ಮ, ಅದನ್ನ ನಾನು ಹೇಳ್ಬೇಕು ಅಂತ ಇಷ್ಟು ದಿನದಿಂದ ಕಾಯ್ತಿದ್ದೆ. ನೀವು ಮೊದ್ಲು ಹೇಳ್ಬಿಟ್ರಲ್ಲ!"

ಆ ವರ್ಷ ಕೊಳಕ್ಕೆ ಮೂರು ವರ್ಷದ ಮಿತಿ ತೆಗೆದುಹಾಕಿದರು. ಟ್ರಸ್ಟ್ ಇರುವವರೆಗೆ ಕೊಳ ಇರುತ್ತದೆ ಎಂದಾಯಿತು. ಸಭಾಂಗಣವೂ ಎರಡು ವರ್ಷ ತಡವಾಗಿ, ಸ್ವಲ್ಪ ಚಿಕ್ಕದಾಗಿ, ಅಪ್ಪನ ಹೆಸರಲ್ಲಿ ಎದ್ದು ನಿಂತಿತು. ಅದೂ ಒಳ್ಳೆಯದೇ, ನಮ್ಮ ಅಕ್ಕನ ಮಗ ಪದವಿ ತೆಗೆದುಕೊಂಡದ್ದು ಅಲ್ಲಿಯೇ. ಅಜ್ಜಿಯರಿಗೆಂದೇ ಮಧ್ಯಾಹ್ನದ ತರಗತಿ ಶುರುವಾಗಿದ್ದು ಅಮ್ಮನ ಒತ್ತಾಯದಿಂದ. ಕೋಚ್ ಮೇಡಂ ನಿವೃತ್ತರಾಗಿ ತಂಗಿಯ ಊರಿಗೆ ಹೋಗುವಾಗ ಕೊಳದ ಜವಾಬ್ದಾರಿಯನ್ನು ನೀರಕ್ಕನಿಗೆ ವಹಿಸಿದರು. ಮಗಳಿಗೆ ಈಗ ಈಜಿನಲ್ಲಿ ಅಂಥ ಆಸಕ್ತಿಯೇನಿಲ್ಲ. ಅಪ್ಪನ ಜೊತೆ ಇಂಜಿನ್ನು ಬಿಚ್ಚುವುದೆಂದರೆ ಪ್ರಾಣ. ಅದನ್ನೇ ಓದುತ್ತಿದ್ದಾಳೆ, ಫೀಸಿನಲ್ಲಿ ಅರ್ಧ ಟ್ರಸ್ಟಿನದು. ಅತ್ತೆ ಇಂದಿಗೂ ನೀರಿಗಿಳಿದಿಲ್ಲ. ದಿನಾ ಬಂದು ಬೆಂಚಿನ ಮೇಲೆ ಕೂತು ಯಾರು ಹೇಗೆ ಕೈ ಬೀಸಬೇಕೆಂದು ತಪ್ಪದೆ ಸಲಹೆ ಕೊಡುತ್ತಾರೆ.

"ನೀವು ಯಾರನ್ನಾದ್ರೂ ಮುಳುಗೋದ್ರಿಂದ ಉಳಿಸಿದೀರಾ?" ಎಂದು ಹೊರಗಿನಿಂದ ಬಂದವರು ಕೇಳುವುದುಂಟು. "ಇಲ್ಲಪ್ಪ, ದೇವರ ದಯೆ. ಅಂಥ ಪ್ರಸಂಗವೇ ಬಂದಿಲ್ಲ" ಎನ್ನುತ್ತಾರೆ ನೀರಕ್ಕ. ಆದರೆ ಬೇಸಿಗೆಯಲ್ಲಿ ಮಕ್ಕಳು ನದಿಯ ಕಡೆ ಹೋದರೆ ಊರು ಮೊದಲಿನ ಹಾಗೆ ಹೆದರಿ ಕೂರುವುದಿಲ್ಲ ಎನ್ನುವುದು ನಮಗೆಲ್ಲ ಗೊತ್ತು.

ಅಮ್ಮ ಹೋದ ವರ್ಷ ತೀರಿಕೊಂಡರು. ತಮ್ಮ ಹಾಸಿಗೆಯಲ್ಲಿ, ನಿದ್ದೆಯಲ್ಲೇ. ಕೊನೆಯ ವಾರದವರೆಗೂ ಮಧ್ಯಾಹ್ನದ ತರಗತಿ ತಪ್ಪಿಸಿರಲಿಲ್ಲ. ತಿಂಗಳು ಕಳೆದ ಮೇಲೆ ಹಿರಿಮಗ ಕೊಳಕ್ಕೆ ಬಂದ.

"ಮೇಜಿನಲ್ಲಿ ಅಮ್ಮನ ಜಾಗ ಖಾಲಿ ಇದೆ. ನೀವು ಬಂದು ಕೂರ್ಬೇಕು ಅಂತ ಎಲ್ಲರ ಆಸೆ. ಅಮ್ಮನೂ ಹೇಳಿದ್ರು."

"ನಾನಾ? ನಂಗೇನು ಗೊತ್ತು ಸಾರ್?"

"ಗೊತ್ತಿಲ್ಲದ್ದನ್ನ ಕೇಳಿ. ನಮಗೆ ಅದೇ ಬೇಕು."

ಹೋದರು. ತಮ್ಮ ಮೊದಲ ಸಭೆಯಲ್ಲಿ ಅವರು ಕೊಳಕ್ಕೆಂದು ಏನೂ ಕೇಳಲಿಲ್ಲ. ತರಕಾರಿ ಮಾರುಕಟ್ಟೆಯಲ್ಲಿ ಹೆಂಗಸರು ಬೆಳಗಿನ ಜಾವದಿಂದ ಕೂತಿರುತ್ತಾರೆ, ಹಸುಗೂಸುಗಳು ಖಾಲಿ ಪೆಟ್ಟಿಗೆಗಳಲ್ಲಿ ಮಲಗಿರುತ್ತವೆ, ಸ್ವಲ್ಪ ದೊಡ್ಡ ಹೆಣ್ಣುಮಕ್ಕಳು ತಮ್ಮ-ತಂಗಿಯರನ್ನು ಕಾಯುತ್ತ ಶಾಲೆ ತಪ್ಪಿಸುತ್ತಾರೆ, ಅಲ್ಲೊಂದು ಶಿಶುವಿಹಾರ ಮಾಡಬಾರದೇ ಎಂದರು. ತಾವು ಶಾಲೆ ಬಿಟ್ಟದ್ದೂ ಹಾಗೇ ಎಂದು ಹೇಳಿಕೊಳ್ಳಲಿಲ್ಲ. ಹಿರಿಮಗ ಎಂದಿನಂತೆ ನೂರು ಪ್ರಶ್ನೆ ಕೇಳಿದ. ಜಾಗ ಯಾರದು, ನೋಡಿಕೊಳ್ಳುವವರು ಯಾರು, ಮಳೆಗಾಲದಲ್ಲಿ ಏನು ಮಾಡುವುದು. ಕೆಲವಕ್ಕೆ ಇವರು ಉತ್ತರ ಕೊಟ್ಟರು, ಕೆಲವಕ್ಕೆ ವಿಚಾರಿಸಿ ಬಂದು ಹೇಳಿದರು. ಮೂರು ವರ್ಷಕ್ಕೆ ನೋಡೋಣ ಎಂದು ಎಲ್ಲರೂ ಒಪ್ಪಿದರು.

ಮೊನ್ನೆ ಅದು ತೆರೆಯಿತು. ಮಾರುಕಟ್ಟೆಯ ಹಿಂದಿನ ಗೋದಾಮಿಗೆ ಕಾರ್ಖಾನೆಯವರೇ ಬಂದು ಹಳದಿ ಬಣ್ಣ ಬಳಿದಿದ್ದಾರೆ. ಒಳಗೆ ಚಾಪೆ, ತೊಟ್ಟಿಲು, ಹಾಲು ಕಾಯಿಸುವ ಒಲೆ. ನಾನು ಹೋದಾಗ ಟೊಮೇಟೊ ಮಾರುವ ಯುವತಿಯೊಬ್ಬಳು ಕೆಂಪಾದ ಕೈಯನ್ನು ಒರೆಸಿಕೊಳ್ಳುತ್ತ ಮಗುವಿಗೆ ಹಾಲು ಕೊಡಲು ಬಂದಿದ್ದಳು. ಅವಳ ಹಿರಿಯ ಮಗಳು ಅವತ್ತು ಶಾಲೆಗೆ ಹೋಗಿದ್ದಳಂತೆ.

"ಅಕ್ಕ, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ" ಎಂದಳು ನೀರಕ್ಕನಿಗೆ.

"ನನ್ನದೇನಿಲ್ಲ ಕಣಮ್ಮ. ಬಣ್ಣದ ಮನೆ ಅಮ್ಮನ್ನ ನೆನೆಸ್ಕೋ, ಸಾಕು" ಎಂದ ನೀರಕ್ಕ ಮಗುವಿನ ಕೆನ್ನೆ ಸವರಿದರು. ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿಂಗೆ ಈಜು ಬರುತ್ತಾ?" ಎಂದರು.

"ಅಯ್ಯೋ, ನಂಗೆಲ್ಲಿ ಬರುತ್ತಕ್ಕ!"

"ಭಾನುವಾರ ವ್ಯಾಪಾರ ಮುಗಿಸ್ಕೊಂಡು ಬಾ. ಅಂಗಿ ಪೈಜಾಮ ನಾವೇ ಕೊಡ್ತೀವಿ."

ಅವಳು ನಗುತ್ತ ತಲೆಯಾಡಿಸಿದಳು. ಹೌದೋ ಅಲ್ಲವೋ ತಿಳಿಯಲಿಲ್ಲ. ಆದರೆ ಭಾನುವಾರ ಬಂದಳು, ಜೊತೆಗೆ ಸೊಪ್ಪಿನ ಸಾಲಿನ ಇನ್ನಿಬ್ಬರನ್ನೂ ಎಳೆದುಕೊಂಡು.